ಹಿಡಕಲ್ ಹಿನ್ನೀರು: ಒಂದು ಗೆರೆ, ಒಂದು ಗುಡಿ

ಮರಳುದಿಬ್ಬದ ಮೇಲೆ ಮುಳುಗುವ ಸೂರ್ಯನನ್ನು ಹಿಡಿಯಲು ಛಾಯಾಗ್ರಾಹಕರು ಥಾರ್ ಮರುಭೂಮಿಗೆ ಹೋಗುತ್ತಾರೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಹಿನ್ನೀರಿನ ದಂಡೆಯಲ್ಲಿ ಮರಳುಗಾಡಿಲ್ಲ. ಆದರೆ ಬೇಡದ್ದನ್ನೆಲ್ಲ ಚೌಕಟ್ಟಿನಿಂದ ಹೊರಗಿಟ್ಟು ಒಂದೇ ವಸ್ತು, ಒಂದೆರಡೇ ಬಣ್ಣ ಉಳಿಸುವ ಆ ಮಿನಿಮಲಿಸ್ಟ್ ಶೈಲಿಗೆ ಬೇಕಾದಷ್ಟು ಬಯಲು ಇಲ್ಲಿದೆ.

ಹಿಡಕಲ್‌ನಲ್ಲಿ ಘಟಪ್ರಭಾ ನದಿಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಹಿನ್ನೀರು ಪಶ್ಚಿಮದತ್ತ ಚಾಚಿದೆ. ಸೂರ್ಯ ಇಳಿಯುವುದೂ ಅತ್ತಲೇ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹುನ್ನೂರಿನ ಮುಳುಗಡೆಯಾದ ವಿಠ್ಠಲ ಗುಡಿ ಮೇಲೆ ಕಾಣುತ್ತದೆ. ಚಿತ್ರಕ್ಕೆ ಅಷ್ಟು ಸಾಕು. ಆಕಾಶದ ಬೆಳಕಿಗೆ ಎಕ್ಸ್‌ಪೋಷರ್ ಹೊಂದಿಸಿದರೆ ಗುಡಿ ಕಪ್ಪು ಆಕೃತಿಯಾಗಿ ನಿಲ್ಲುತ್ತದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಶಟರನ್ನು ಕೆಲವು ಸೆಕೆಂಡು ತೆರೆದರೆ ಸಣ್ಣ ಅಲೆಗಳು ಅಳಿಸಿಹೋಗುತ್ತವೆ.

ಮರಳೇ ಬೇಕೆನ್ನುವವರು ಗೋಕಾಕ ಜಲಪಾತ ನೋಡಲಿ. ಇದೇ ನದಿ ಸುಮಾರು 52 ಮೀಟರ್ ಧುಮುಕುವ ಅಲ್ಲಿನ ಬಂಡೆ ಮರಳುಗಲ್ಲು: ಬಹು ಪ್ರಾಚೀನ ಕಾಲದಲ್ಲಿ ಪದರಪದರವಾಗಿ ಕೂತು ಗಟ್ಟಿಯಾದ ಮರಳು. ಇಳಿಬಿಸಿಲಿನಲ್ಲಿ ಆ ಪದರಗಳು ಎದ್ದು ಕಾಣುತ್ತವೆ. ಮಳೆಗಾಲದಲ್ಲಿ ಮಾತ್ರ ಈ ಶೈಲಿ ಅಲ್ಲಿ ನಡೆಯದು. ನೀರು, ತುಂತುರು, ಜನ ಎಲ್ಲವೂ ಚೌಕಟ್ಟಿಗೆ ನುಗ್ಗುತ್ತವೆ.

ಹಿನ್ನೀರಿನ ದಂಡೆಯಲ್ಲಿ ಕೆಸರಿದೆ. ಒಳ್ಳೆಯ ಕೋನದ ಆಸೆಗೆ ನೀರಿಗಿಳಿಯಬೇಡಿ.