ಲಗ್ನ ಮಾಡಿಸಿದ ಅಯ್ಯನವರು

ತಮ್ಮನ ಮಗಳ ಲಗ್ನ ಗಟ್ಟಿಯಾದಾಗ ಮನೆಯ ಕೆಲಸಗಳನ್ನೆಲ್ಲ ಹಂಚಿಕೊಂಡೆವು. ಕಲ್ಯಾಣ ಮಂಟಪ ನೋಡುವುದು ತಮ್ಮನಿಗೆ, ಬಟ್ಟೆಬರೆ ಅವನ ಹೆಂಡತಿಗೆ, ಅಡುಗೆಯವರನ್ನು ಮಾತಾಡುವುದು ನನ್ನ ಅಳಿಯನಿಗೆ. ನನ್ನ ಪಾಲಿಗೆ ಉಳಿದದ್ದು ಒಂದೇ ಕೆಲಸ. "ಅಕ್ಕಾ, ನೀ ಒಬ್ಬ ಚಲೋ ಅಯ್ಯನವರನ್ನ ಗೊತ್ತು ಮಾಡು" ಎಂದ ತಮ್ಮ.

ಕೇಳಿ ನನಗೆ ನಗು ಬಂತು. ನಮ್ಮ ತಾಯಿ ಇದ್ದಿದ್ದರೆ ಆ ಮಾತು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಹಲಗೆಯವರನ್ನು ಗೊತ್ತು ಮಾಡಬಹುದು, ಬಂಡಿ ಗೊತ್ತು ಮಾಡಬಹುದು. ಅಯ್ಯನವರನ್ನು ಗೊತ್ತು ಮಾಡುವುದು ಎಂದರೇನು? ಅವರು ಮನೆಗೆ ತೊಲೆ ಕಂಬ ಇದ್ದ ಹಾಗೆ ಮೊದಲೇ ಇದ್ದವರು.

ನನ್ನ ತವರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಈಗ ತಾಲೂಕಾಗಿದೆ, ರೈಲೂ ಬಂದಿದೆ. ಹೊರಗಿನವರಿಗೆ ಕೆಂಪು ಬಾಳೆಹಣ್ಣಿನ ಊರೆಂದರೆ ಬೇಗ ಗುರುತು ಹತ್ತುತ್ತದೆ. ಲಗ್ನ ಹಿಡಿದರೆ ಮೊದಲು ಆ ಕೆಂಪು ಬಾಳೆಹಣ್ಣಿನ ಜೋಡಿಯನ್ನು ಎಲೆಅಡಿಕೆಯ ತಾಟಿನಲ್ಲಿಟ್ಟುಕೊಂಡು ಹಿರಿಯರು ಮಠಪತಿ ಅಯ್ಯನವರ ಮನೆಗೆ ಹೋಗುತ್ತಿದ್ದರು. "ಲಗ್ನ ಹಿಡದೀವ್ರಿ, ದಯಮಾಡಿಸಬೇಕು" ಎಂದರೆ ಮುಗಿಯಿತು. ಎಷ್ಟು ಕೊಡಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಜೋಳದ ರಾಶಿಯಾದಾಗ ಕಣದಲ್ಲೇ ಅವರ ಪಾಲು ಅಳೆದಿಡುತ್ತಿದ್ದರು. ಲಗ್ನದ ದಿನ ಪಡಿ, ಒಂದು ಧೋತರ, ಕೈಲಾದಷ್ಟು ದಕ್ಷಿಣೆ. ಕೂಸು ಹುಟ್ಟಿದರೆ ಲಿಂಗ ಕಟ್ಟುವವರೂ ಅವರೇ, ಸತ್ತರೆ ವಿಭೂತಿ ಹಿಡಿದು ಬರುವವರೂ ಅವರೇ.

ಇದು ಲಿಂಗಾಯತರ ಮನೆಯ ಮಾತು. ಬೇರೆಯವರಿಗೆ ಊರ ಜೋಶಿ ಇದ್ದ. ಕುಲಕರ್ಣಿ, ಬಡಿಗ, ಕಂಬಾರ, ಅಗಸ, ಕ್ಷೌರಿಕನ ಹಾಗೆ ಜೋಶಿಯೂ ಆಯಗಾರರಲ್ಲಿ ಒಬ್ಬ. ಪಂಚಾಂಗ ಹೇಳುವುದು, ಲಗ್ನ ಮಾಡಿಸುವುದು ಅವನ ವತನ. ವತನ ಎಂದರೆ ಸುಮ್ಮನೆ ಅಲ್ಲ, ಹೊಲದ ಹಾಗೆ ಅಣ್ಣತಮ್ಮಂದಿರು ಹಂಚಿಕೊಳ್ಳುವ ಆಸ್ತಿ. ನಿಮಗೆ ಆ ಜೋಶಿ ಬೇಡ, ಪಕ್ಕದ ಊರಿನವನನ್ನು ಕರೆಸಿದಿರಿ ಎನ್ನಿ, ಆಗಲೂ ಊರ ಜೋಶಿಗೆ ಅವನ ಪಾಲು ಸಲ್ಲಬೇಕು. 1873ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಫುಲೆ ಸತ್ಯಶೋಧಕ ಸಮಾಜ ಕಟ್ಟಿ, ಪುರೋಹಿತರಿಲ್ಲದೆ ಲಗ್ನ ಮಾಡಿಸತೊಡಗಿದಾಗ ಜೋಶಿಗಳು ಕೋರ್ಟಿಗೆ ಹೋದದ್ದು ಇದೇ ಹಕ್ಕಿಗಾಗಿ. ಈ ಕಟ್ಟನ್ನು ಕಳಚಲು ಮುಂಬೈ ಪ್ರಾಂತದಲ್ಲಿ 1926ರಲ್ಲಿ ಒಂದು ಕಾಯಿದೆಯೇ ಬೇಕಾಯಿತು. ಅದನ್ನು ತರಲು ಎಸ್.ಕೆ. ಬೋಲೆಯವರು ಬಹಳ ಹೆಣಗಿದರು. ಧಾರವಾಡ, ಬೆಳಗಾವಿ, ವಿಜಾಪುರ ಆ ಪ್ರಾಂತದಲ್ಲಿದ್ದವು. ನಮ್ಮ ಜಿಲ್ಲೆ ನಿಜಾಮರ ರಾಜ್ಯದಲ್ಲಿತ್ತು. ಆ ಕಾಯಿದೆ ನಮಗೆ ಹತ್ತಲಿಲ್ಲ.

ಹಾಗಾದರೆ ಬೇಕಾದವರನ್ನು ದುಡ್ಡು ಕೊಟ್ಟು ಕರೆಸುವುದು ಒಂದು ಬಿಡುಗಡೆಯೇ ಅಲ್ಲವೇ? ಹೌದು. ನಾನೂ ಹಾಗೇ ತಿಳಿದಿದ್ದೆ. ಆದರೆ ನಮ್ಮ ಚಿಗವ್ವನ ಕಥೆ ನೆನೆದಾಗೆಲ್ಲ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಚಿಗವ್ವನ ಲಗ್ನ 1958ರಲ್ಲಿ, ಕಮಲಾಪುರದ ಮನೆಯ ಹಂದರದಲ್ಲೇ ಆಯಿತು. ಅವಳಿಗೆ ಆಗ ಹದಿನೇಳು. ಸುರಗಿಗೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿದವಳು ನನ್ನ ಅವ್ವ. ಪಂಚಕಳಶ ಹೂಡಿದವರು ಮಠಪತಿ ಅಯ್ಯನವರು. ಫೋಟೋ ಇಲ್ಲ, ಅಚ್ಚು ಹಾಕಿಸಿದ ಲಗ್ನಪತ್ರಿಕೆ ಇಲ್ಲ. ಆ ಕಾಲಕ್ಕೆ ಅದು ಯಾರಿಗೂ ಕೊರತೆ ಎನ್ನಿಸಲಿಲ್ಲ. ಊರೆಲ್ಲ ಉಂಡು ಹೋಗಿತ್ತು, ಅದಕ್ಕಿಂತ ದೊಡ್ಡ ಕಾಗದ ಯಾವುದು?

ಗಂಡನಿಗೆ ಗುಲಬರ್ಗಾದಲ್ಲಿ ನೌಕರಿ ಸಿಕ್ಕಿತು. (ಊರಿನ ಹೆಸರು ಸರಕಾರಿ ಕಾಗದದಲ್ಲಿ ಕಲಬುರಗಿ ಎಂದಾದದ್ದು 2014ರ ನವೆಂಬರಿನಲ್ಲಿ. ನಾನು ಹೇಳುತ್ತಿರುವ ಕಾಲಕ್ಕೆ ಅದು ಗುಲಬರ್ಗಾವೇ.) ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಹಬ್ಬಕ್ಕೆ, ಆಮೇಲೆ ಅದೂ ಇಲ್ಲ. ಮಕ್ಕಳಾಗಲಿಲ್ಲ ಎಂಬುದು ನೆವ. 1970ರ ಸುಮಾರಿಗೆ ಅವನು ಇನ್ನೊಂದು ಲಗ್ನಕ್ಕೆ ನಿಂತ. ರೂಢಿಯಂತೆ ಎಲೆಅಡಿಕೆ ಹಿಡಿದು ನಮ್ಮ ಅಯ್ಯನವರ ಹತ್ತಿರವೇ ಬಂದನಂತೆ. ಅವರು ತಾಟು ಮುಟ್ಟಲಿಲ್ಲ. "ನಿನ್ನ ಲಗ್ನ ನಾ ಮಾಡಿಸೀನಿ. ಮತ್ತ ಯಾರದು ಮಾಡಸಲಿ?" ಎಂದರಂತೆ.

ಅವನೇನು ಅಲ್ಲಿಗೆ ನಿಲ್ಲಲಿಲ್ಲ. ಶಹರದಲ್ಲಿ ಒಬ್ಬ ಸ್ವಾಮಿಯನ್ನು ಗೊತ್ತು ಮಾಡಿಕೊಂಡ. ಆ ಸ್ವಾಮಿಗೆ ಇವನ ಮನೆ ಯಾವುದು, ಮಂದಿ ಯಾರು, ಕಮಲಾಪುರದಲ್ಲಿ ಒಬ್ಬಳು ಕೂತಿದ್ದಾಳೆ ಎಂಬುದು ಯಾವುದೂ ಗೊತ್ತಿಲ್ಲ. ಗೊತ್ತಿರಬೇಕೆಂದೂ ಇಲ್ಲ. ಬಂದರು, ಕಳಶ ಹೂಡಿದರು, ದಕ್ಷಿಣೆ ತೆಗೆದುಕೊಂಡರು, ಹೋದರು.

1955ರ ಹಿಂದೂ ವಿವಾಹ ಕಾಯಿದೆ ಬರುವ ಮೊದಲು ನಮ್ಮ ಕಡೆ ಗಂಡಸು ಎರಡನೆಯ ಲಗ್ನವಾದರೆ ಕೇಳುವವರಿರಲಿಲ್ಲ. ಕಾಯಿದೆ ಬಂದ ಮೇಲೆ ಅದು ಅಪರಾಧ, ದಂಡ ಸಂಹಿತೆಯ 494ನೆಯ ಕಲಮಿನಲ್ಲಿ ಏಳು ವರ್ಷದ ತನಕ ಶಿಕ್ಷೆ ಇತ್ತು. ಚಿಗವ್ವನ ಕಡೆಯ ವಕೀಲರು ಆ ದಾರಿ ಬೇಡ ಎಂದರು. 1965ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಭಾವೂರಾವ್ ಲೋಖಂಡೆ ಎಂಬುವನ ಮೊಕದ್ದಮೆಯಲ್ಲಿ ಹೇಳಿದ್ದು ಹೀಗೆ: ಎರಡನೆಯ ಲಗ್ನವೂ ಶಾಸ್ತ್ರದಂತೆ ಇಲ್ಲವೇ ಆ ಜಾತಿಯ ರೂಢಿಯಂತೆ ಸರಿಯಾಗಿ ನಡೆದಿದೆ ಎಂದು ರುಜುವಾತಾಗಬೇಕು, ಆಗದಿದ್ದರೆ ಅದು ಲಗ್ನವೇ ಅಲ್ಲ, ಲಗ್ನವೇ ಅಲ್ಲದ ಮೇಲೆ ಅಪರಾಧವೆಲ್ಲಿ? ಕೆಳಗಿನ ಕೋರ್ಟುಗಳು ಶಿಕ್ಷೆ ಕೊಟ್ಟಿದ್ದವನು ಬಿಡುಗಡೆಯಾದ. 1971ರಲ್ಲಿ ಬಂಗಾಲಿ ಹೆಣ್ಣುಮಗಳೊಬ್ಬಳ ಮೊಕದ್ದಮೆಯಲ್ಲೂ ಅದೇ ತೀರ್ಪು. ತನ್ನನ್ನು ಕರೆಯದ ಲಗ್ನದಲ್ಲಿ ಯಾವ ಮಂತ್ರ ಹೇಳಿದರು, ಎಷ್ಟು ಹೆಜ್ಜೆ ಇಟ್ಟರು ಎಂದು ಮೊದಲ ಹೆಂಡತಿ ಸಾಕ್ಷಿ ತರಬೇಕು! ಗೊತ್ತು ಮಾಡಿಕೊಂಡ ಸ್ವಾಮಿ ಎಲ್ಲಿಯವರೆಂದು ಹುಡುಕಿದರೆ ಸುಳಿವೇ ಇಲ್ಲ. ಹೆಸರನ್ನು ಯಾರೂ ಕೇಳಿರಲಿಲ್ಲ.

ಕೊನೆಗೆ ಜೀವನಾಂಶ ಕೇಳಿ ಅರ್ಜಿ ಹಾಕಿದರು. ಅದು 1976. ಆ ವರ್ಷ ನಾನು ಹೈಸ್ಕೂಲಿನಲ್ಲಿದ್ದೆ. ಗಂಡನ ಕಡೆಯ ವಕೀಲರು ಹೂಡಿದ ವಾದ ಕೇಳಿ ನಮ್ಮ ಅವ್ವ ಮೂರು ದಿನ ಊಟ ಬಿಟ್ಟಳು. ಇವಳು ಹೆಂಡತಿಯೇ ಅಲ್ಲ, ಲಗ್ನವೇ ಆಗಿಲ್ಲ, ಮನೆಗೆಲಸಕ್ಕೆ ಇದ್ದವಳು ಎಂದರು. ಹನ್ನೆರಡು ವರ್ಷ ಹೆಂಡತಿಯಾಗಿದ್ದವಳು ಹೆಂಡತಿ ಎಂದು ತೋರಿಸಲು ಅವಳ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಆಗ ನಮ್ಮ ಮಗ್ಗುಲ ಮನೆಯ ಖಾಲಾ ಒಂದು ತಗಡಿನ ಪೆಟ್ಟಿಗೆ ತಂದು ತೆರೆದು ತೋರಿಸಿದರು. ಒಳಗೆ ಅವರ ನಿಕಾಹ್‌ನಾಮಾ. ಖಾಜಿಯ ಸಹಿ, ಇಬ್ಬರು ಸಾಕ್ಷಿಗಳು, ವಕೀಲ, ಮೆಹರ್ ಎಷ್ಟೆಂಬುದು ಎಲ್ಲ ಉರ್ದುವಿನಲ್ಲಿ ಬರೆದಿತ್ತು. ನಿಕಾಹ್ ಮಾಡಿಸಿದ ಖಾಜಿ ಅದನ್ನು ತಮ್ಮ ವಹಿಯಲ್ಲಿ ಬರೆದಿಡುವ ರೂಢಿ ನಿಜಾಮರ ಕಾಲದಿಂದಲೂ ನಮ್ಮಲ್ಲಿ ಇದ್ದದ್ದೇ. "ನಿಮ್ಮ ಸ್ವಾಮೇರು ಏನೂ ಬರ್ಕೋಳಂಗಿಲ್ಲೇನವ್ವಾ?" ಎಂದು ಖಾಲಾ ಕೇಳಿದರು. ಅವ್ವನ ಬಳಿ ಉತ್ತರ ಇರಲಿಲ್ಲ. ಹಂದರ ಹಾಕಿ ಮಾಡಿದ ಲಗ್ನದ ಗತಿಯೇ ಹೀಗಾದರೆ, ವಿಧವೆಯರಿಗೆ ವಾದ್ಯವಿಲ್ಲದೆ ರಾತ್ರಿ ಹೊತ್ತು ಮಾಡಿ ಮುಗಿಸುತ್ತಿದ್ದ ಉಡಿಕಿಯ ಲಗ್ನಗಳನ್ನು ಯಾರು ಸಾಬೀತು ಮಾಡಬೇಕು ಎಂದು ನಾನು ಈಗಲೂ ಯೋಚಿಸುತ್ತೇನೆ.

ನಮ್ಮ ಕಡೆಯ ಒಂದೇ ಕಾಗದ ಮಠಪತಿ ಅಯ್ಯನವರು. ಎಪ್ಪತ್ತು ದಾಟಿದ್ದ ಅವರು ಕಮಲಾಪುರದಿಂದ ಬಸ್ಸು ಹತ್ತಿ ಬಂದರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಶಲ್ಯ. ನಾನು ಸಾಲೆ ಬಿಟ್ಟು ಅವ್ವನ ಜೊತೆ ಹೋಗಿದ್ದೆ. ಪಾಟೀಸವಾಲಿನಲ್ಲಿ ವಕೀಲರು ಕೇಳಿದರು: "ನೂರಾರು ಲಗ್ನ ಮಾಡಿಸೀರಿ. ಇದೊಂದೇ ಹ್ಯಾಂಗ ನೆನಪದ?"

"ಒಂದ ಅಲ್ರೀ, ಎಲ್ಲಾ ನೆನಪವ. ಯಾವುದು ಕೇಳ್ತೀರಿ ಅದು ಹೇಳ್ತೀನಿ" ಎಂದರು ಅಯ್ಯನವರು. ಆಮೇಲೆ ಹೇಳಿದ್ದು ತಾಳಿಯ ಮಾತು. ಲಗ್ನದ ದಿನ ಪತ್ತಾರರು ಬಂಗಾರದ ಗುಂಡು ತರುವುದು ತಡವಾಯಿತು. ಮುಹೂರ್ತ ಮೀರುತ್ತಿತ್ತು. ಬೀಗರು ಸಿಟ್ಟಿಗೆದ್ದು ಹಂದರದಿಂದ ಹೊರಗೆ ಹೋಗಿ ಕೂತರು. ಆಗ ತಾವೇ ಒಂದು ಅರಿಷಿಣ ಕೊಂಬು ನೂಲಿಗೆ ಕಟ್ಟಿ, ಮುಟ್ಟಿ ಹರಸಿ ಕೊಟ್ಟೆವು, ಗಂಡನ ಕೈಯಿಂದ ಅದನ್ನೇ ಕಟ್ಟಿಸಿದೆವು, ಬಂಗಾರ ಬಂದದ್ದು ಅಕ್ಕಿಕಾಳು ಬಿದ್ದ ಮೇಲೆ. "ಅವನ ಮಾವ ಸಿಟ್ಟಿಲೆ ಉಣಲಾರದ ಎದ್ದು ಹೋದ. ಬೇಕಾದರ ಅವನ್ನ ಕೇಳ್ರಿ, ಇನ್ನೂ ಇದ್ದಾನ" ಎಂದರು. ಎದುರಿಗೆ ಕೂತಿದ್ದ ಗಂಡ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ.

ಲಿಂಗಾಯತರ ಲಗ್ನದಲ್ಲಿ ಹೋಮವಿಲ್ಲ, ಸಪ್ತಪದಿಯಿಲ್ಲ. ಅದಿಲ್ಲ ಎಂದು ಆ ವಕೀಲರು ಒಂದು ಕೊನೆಯ ಪ್ರಯತ್ನ ಮಾಡಿದರು. ಆದರೆ 1955ರ ಕಾಯಿದೆಯ ಏಳನೆಯ ಕಲಮು ಗಂಡು ಹೆಣ್ಣು ಎರಡರಲ್ಲಿ ಒಂದು ಕಡೆಯ ರೂಢಿ ನಡೆದಿದ್ದರೆ ಸಾಕು ಎನ್ನುತ್ತದೆ. ಸಪ್ತಪದಿ ಇರುವ ರೂಢಿಯವರಿಗೆ ಮಾತ್ರ ಏಳನೆಯ ಹೆಜ್ಜೆಯ ಲೆಕ್ಕ. ಚಿಗವ್ವನಿಗೆ ತಿಂಗಳಿಗೆ 75 ರೂಪಾಯಿ ಆಯಿತು. ರೂಪಾಯಿ ಎಷ್ಟು ದಿನ ಬಂತು ಎಂಬುದು ಬೇರೆ ಮಾತು. ಹೆಂಡತಿ ಎಂದು ತೀರ್ಪಿನಲ್ಲಿ ಬರೆದಿತ್ತು. ಆ ನಕಲನ್ನು ಅವಳು ಖಾಲಾನ ಹಾಗೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು.

ಅಯ್ಯನವರನ್ನು ದೇವರು ಮಾಡಲು ನನಗೆ ಮನಸ್ಸಿಲ್ಲ. ಅದಾಗಿ ಎಂಟು ವರ್ಷಕ್ಕೆ ನನ್ನ ಲಗ್ನ. ಐವರು ಮುತ್ತೈದೆಯರನ್ನು ಕರೆದಾಗ ಚಿಗವ್ವ ಎದ್ದು ಬಂದಳು. ನಮ್ಮ ಸೋದರತ್ತೆ ಅವಳ ರಟ್ಟೆ ಹಿಡಿದು ಹಿಂದೆ ಕೂಡಿಸಿದಳು, ಗಂಡ ಬಿಟ್ಟವಳು ಎಂದು. ಕೋರ್ಟಿನಲ್ಲಿ ಪ್ರಮಾಣ ಮಾಡಿ ಇವಳ ಲಗ್ನವಾಗಿದೆ ಎಂದು ಹೇಳಿದ್ದ ಅಯ್ಯನವರು ಅಲ್ಲೇ ಕಳಶದ ಮುಂದೆ ಕೂತಿದ್ದರು. ಅವರು ಏನೂ ಅನ್ನಲಿಲ್ಲ. ನಾನೂ ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದೆ, ನಾನೂ ಅನ್ನಲಿಲ್ಲ.

ಮನೆಗೇ ಕಟ್ಟಿದ ಅಯ್ಯನವರಿಂದ ಆಗದ ಕೆಲಸಗಳೂ ಇದ್ದವು. ಜಾತಿ ದಾಟಿದ ಲಗ್ನಕ್ಕೆ ಅವರು ಬರುತ್ತಿರಲಿಲ್ಲ. ಕಮಲಾಪುರದ ಮುಂದೆ ಅದೇ ರಸ್ತೆ ಹಿಡಿದು ಹೋದರೆ ಸಿಗುವ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನವಾಗಿ ರಾಜ್ಯವೇ ಹೊತ್ತಿ ಉರಿಯಿತು ಎಂದು ಕಥೆ ಕೇಳುತ್ತ ಬೆಳೆದವರು ನಾವು. ಆ ಲಗ್ನದಲ್ಲಿ ಮುಂದೆ ನಿಂತು ಕಾರ್ಯ ಮಾಡಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ! ಅತ್ತ ಮೈಸೂರು ಸೀಮೆಯಲ್ಲಿ ಕುವೆಂಪು ಅವರು ಮಗ ತೇಜಸ್ವಿಯ ಲಗ್ನವನ್ನು 1966ರಲ್ಲಿ ಪುರೋಹಿತರೇ ಇಲ್ಲದೆ ಮಂತ್ರಮಾಂಗಲ್ಯದಿಂದ ಮಾಡಿದರು. 1956ರಲ್ಲಿ ಅಂಬೇಡ್ಕರರು ಬೌದ್ಧರಾದ ಮೇಲೆ ಆ ದಾರಿ ಹಿಡಿದವರು ಬಿಳಿ ಸೀರೆ ಉಡಿಸಿ ಭಂತೇಜಿಯ ಮುಂದೆ ಲಗ್ನ ಮಾಡುವುದನ್ನು ಕಲಬುರಗಿಯಲ್ಲೂ ನೋಡಿದ್ದೇನೆ. ಇವೆಲ್ಲ ಯಾರು ಮಾಡಿಸಬೇಕು ಎಂಬುದನ್ನು ತಾವೇ ಆರಿಸಿಕೊಂಡವರ ಲಗ್ನಗಳು.

ಕಾಯಿದೆಯೂ ನಿಧಾನವಾಗಿ ಕಾಗದದ ಕಡೆಗೆ ಬಂತು. ಎಲ್ಲ ಲಗ್ನಗಳೂ ನೋಂದಣಿಯಾಗಬೇಕು ಎಂದು ಸುಪ್ರೀಂ ಕೋರ್ಟು 2006ರ ಫೆಬ್ರವರಿಯಲ್ಲಿ ಹೇಳಿತು. ಆದರೆ ಕಾಗದ ಒಂದೇ ಇದ್ದರೂ ಆಗದು. ಕಾರ್ಯವೇ ನಡೆಯದೆ ಪ್ರಮಾಣಪತ್ರ ಮಾಡಿಸಿಕೊಂಡಿದ್ದ ಜೋಡಿಯೊಂದರ ವಿಷಯದಲ್ಲಿ ಅದೇ ಕೋರ್ಟು 2024ರಲ್ಲಿ, ಹಿಂದೂ ವಿವಾಹ ಕಾಯಿದೆಯ ಲೆಕ್ಕದಲ್ಲಿ ಅದು ಲಗ್ನವಲ್ಲ ಎಂದಿತು. ಮಾಡಿಸುವವರೂ ಬೇಕು, ಬರೆಯುವವರೂ ಬೇಕು.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ನಾನು ಕಲಬುರಗಿಯಲ್ಲಿ ಅಯ್ಯನವರನ್ನು ಹುಡುಕಲು ಹೊರಟೆ. ಕಮಲಾಪುರದ ಅಯ್ಯನವರ ಮೊಮ್ಮಗ ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಬೇರೊಬ್ಬರು ಫೋನಿನಲ್ಲಿ ಸಿಕ್ಕರು. ಯಾವ ಮಂಟಪ, ಎಷ್ಟು ಗಂಟೆಗೆ, ಕಳಶದ ಸಾಮಾನು ನಮ್ಮದೋ ಅವರದೋ, ಮೈಕು ಇರುತ್ತದೋ ಎಂದು ಕೇಳಿ ದುಡ್ಡು ಹೇಳಿದರು. ಆಮೇಲೆ, "ಅವ್ವಾ, ಹುಡುಗಿದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಒಂದು ಕಳಸ್ರಿ, ವಯಸ್ಸು ನೋಡ್ಬೇಕು" ಎಂದರು. ನಮ್ಮ ಹುಡುಗಿಗೆ ಇಪ್ಪತ್ತಾರು! ಆದರೂ ಅವರ ಮಾತು ಸರಿಯೇ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಲ್ಲಿ ಲಗ್ನ ಮಾಡಿಸಿದವರಿಗೂ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಇದೆ. ಮನೆಯ ಅಯ್ಯನವರಿಗೆ ಹುಡುಗಿ ಹುಟ್ಟಿದ ದಿನ ಗೊತ್ತಿರುತ್ತಿತ್ತು, ಗೊತ್ತಿದ್ದೂ ಹದಿಮೂರಕ್ಕೆ ಲಗ್ನ ಮಾಡಿಸುತ್ತಿದ್ದರು.

"ಹುಡುಗನಿಗೆ ಮೊದಲ ಲಗ್ನ ಆಗ್ಯಾದೇನು, ಅದೂ ಕೇಳ್ತೀರೇನ್ರಿ?" ಎಂದೆ. ಒಂದು ಗಳಿಗೆ ಸುಮ್ಮನಿದ್ದು, "ಅದು ನೀವ ನೋಡ್ಕೋಬೇಕ್ರಿ" ಎಂದರು. ನಾನು ಎರಡು ಕರಾರು ಹಾಕಿದೆ. ಐವರಲ್ಲಿ ನಮ್ಮ ಚಿಗವ್ವ ಒಬ್ಬಳು ನಿಲ್ಲುತ್ತಾಳೆ, ಅವಳ ಗಂಡ ತೀರಿಕೊಂಡು ಬಹಳ ವರ್ಷವಾಯಿತು. "ನಮ್ಮದೇನಿಲ್ರಿ, ನೀವು ಹೇಳಿದಂಗ" ಎಂದರು. ಎರಡನೆಯದು, ನೋಂದಣಿಗೆ ಬೇಕಾದರೆ ಲಗ್ನ ಮಾಡಿಸಿದ್ದೇವೆ ಎಂದು ಬರೆದು ಸಹಿ ಮಾಡಿಕೊಡಬೇಕು. ಅದಕ್ಕೂ ಒಪ್ಪಿದರು.

ಲಗ್ನದ ದಿನ ಎಂಬತ್ತು ದಾಟಿದ ಚಿಗವ್ವ ಇಳಕಲ್ ಸೀರೆ ಉಟ್ಟು ಐವರ ಸಾಲಿನಲ್ಲಿ ನಿಂತಳು. ಯಾರೋ ಹಿಂದೆ ಗೊಣಗಿದರು, ಮೈಕಿನ ಗದ್ದಲದಲ್ಲಿ ಕೇಳಿಸಲಿಲ್ಲ. ಅಕ್ಕಿಕಾಳು ಬಿದ್ದವು. ಆ ಸ್ವಾಮಿಗಳಿಗೆ ಹನ್ನೆರಡೂವರೆಗೆ ಇನ್ನೊಂದು ಮಂಟಪದಲ್ಲಿ ಲಗ್ನವಿತ್ತು, ಅವಸರದಿಂದ ಚೀಲ ಕಟ್ಟುತ್ತಿದ್ದರು. ಚಿಗವ್ವ ಹೋಗಿ ಅವರ ಮುಂದೆ ಕೂತಳು.

"ಅಪ್ಪಾ, ನಿಮ್ಮದು ಯಾವೂರು? ಹೆಸರೇನು?"

ಅವರು ಹೇಳಿದರು. ಚಿಗವ್ವ ನನ್ನ ಕಡೆ ತಿರುಗಿ, "ಬರ್ಕೋ" ಎಂದಳು.