ಕಂಕನಾಡಿಯ ಮದ್ದಿನ ಪೆಟ್ಟಿಗೆ

ಮಾವಳ್ಳಿಯಿಂದ ಕಡಲಂಚಿನ ಹಾದಿಯಲ್ಲಿ ತೆಂಕಣಕ್ಕೆ ಸಾಗಿದರೆ ಮಂಗಳೂರಿನ ಕಂಕನಾಡಿ ಸಿಕ್ಕುತ್ತದೆ. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಯೇಸುಸಭೆಯ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದರು.

ನೆರೆಯವನನ್ನು ತನ್ನಂತೆ ಪ್ರೀತಿಸಬೇಕೆಂಬ ಕ್ರಿಸ್ತನ ಬೋಧೆಯನ್ನು ಒಪ್ಪುವುದು ಸುಲಭ; ಆ ನೆರೆಯವನು ಕುಷ್ಠರೋಗಿಯಾದರೆ? ಮನೆಯವರೇ ಹೊರದೂಡುತ್ತಿದ್ದ ಅಂಥವರಿಗಾಗಿ ಮುಲ್ಲರ್ 1890ರಲ್ಲಿ ಆಶ್ರಯಧಾಮವನ್ನು ಕಟ್ಟಿದರು. ಕುಷ್ಠವನ್ನು ಗುಣಪಡಿಸಬಲ್ಲ ಮದ್ದು ಆಗ ಇರಲಿಲ್ಲ. ಆದುದರಿಂದ ಅಲ್ಲಿ ಗೆಲುವಿನ ಕೀರ್ತಿಗೆ ಎಡೆಯಿರಲಿಲ್ಲ. ಹುಣ್ಣು ತೊಳೆಯುವುದು, ಅನ್ನವಿಕ್ಕುವುದು, ಮರುದಿನ ಮತ್ತೆ ಅದನ್ನೇ ಮಾಡುವುದು, ಇಷ್ಟೇ ಸೇವೆ.

1910ರಲ್ಲಿ ಅವರು ತೀರಿಕೊಂಡರು. ಆ ಔಷಧಾಲಯ ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಪರೋಪಕಾರಕ್ಕೆ ಮುಹೂರ್ತ ಬೇಕಿಲ್ಲ. ದಿನವೂ ತೆರೆಯುವ ಬಾಗಿಲೊಂದು ಸಾಕು.