ಗ್ಲಾಕೋಮಾ ಮತ್ತು ದಾರಿಯರಿವು: ವರ್ಚುವಲ್ ರಿಯಾಲಿಟಿ ಅಧ್ಯಯನಗಳು

ಗ್ಲಾಕೋಮಾದಲ್ಲಿ ದೃಷ್ಟಿನರದ ತಂತುಗಳು ನಶಿಸುತ್ತಾ ಹೋಗುತ್ತವೆ. ಸಾಮಾನ್ಯವಾಗಿ ಬದಿನೋಟ ಮೊದಲು ಕುಂದುತ್ತದೆ, ನಡುನೋಟ ಬಹುಕಾಲ ಉಳಿಯುತ್ತದೆ. ಹಾಗಾಗಿ ಆಸ್ಪತ್ರೆಯ ಅಕ್ಷರಫಲಕವನ್ನು ಸರಾಗವಾಗಿ ಓದಿದವರೇ ಹೊರಬರುವಾಗ ಮೆಟ್ಟಿಲಲ್ಲಿ ಎಡವುವುದುಂಟು. ರೋಗಿಗೆ ಲೋಕವು ಕಪ್ಪು ಸುರಂಗದೊಳಗಿಂದ ಕಂಡಂತೆ ಕಾಣುತ್ತದೆ ಎಂಬ ಪ್ರಚಲಿತ ಚಿತ್ರ ಸರಿಯಲ್ಲ. 2013ರಲ್ಲಿ ಲಂಡನ್ನಿನ ಡೇವಿಡ್ ಕ್ರ್ಯಾಬ್ ಮತ್ತು ಸಂಗಡಿಗರು ವಿಚಾರಿಸಿದ 50 ರೋಗಿಗಳಲ್ಲಿ ಒಬ್ಬರೂ ಆ ಚಿತ್ರವನ್ನು ಆರಿಸಲಿಲ್ಲ. ಮಸುಕಾದ ಅಥವಾ ಕಾಣೆಯಾದ ಭಾಗಗಳಿರುವ ಚಿತ್ರಗಳೇ ತಮ್ಮ ನೋಟಕ್ಕೆ ಹತ್ತಿರವೆಂದು ಹಲವರು ಹೇಳಿದರು.

ಪರೀಕ್ಷೆಯ ಮೂಲ

ಗ್ಲಾಕೋಮಾ ರೋಗಿಗಳ ದಾರಿಯರಿವನ್ನು ವರ್ಚುವಲ್ ರಿಯಾಲಿಟಿಯಲ್ಲಿ ಪರೀಕ್ಷಿಸುವ ಅಧ್ಯಯನಗಳ ಬೇರು ಇಲಿಗಳ ಈಜುತೊಟ್ಟಿಯಲ್ಲಿದೆ. ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ಪ್ರಯೋಗದಲ್ಲಿ, ಹಾಲು ಬೆರೆಸಿ ಕದಡಿದ ನೀರಿನ ದುಂಡು ತೊಟ್ಟಿಯೊಳಗೆ ಮೇಲ್ಮೈಗಿಂತ ತುಸು ಕೆಳಗೆ ಒಂದು ಪೀಠ ಅಡಗಿರುತ್ತದೆ. ಇಲಿಗೆ ಪೀಠ ಕಾಣದು, ವಾಸನೆಯ ಸುಳಿವೂ ಸಿಗದು. ಆದರೂ ಕೆಲವು ಸಲ ಈಜಿದ ಮೇಲೆ, ಯಾವ ಬದಿಯಿಂದ ಬಿಟ್ಟರೂ ನೇರವಾಗಿ ಅಲ್ಲಿಗೇ ಹೋಗುತ್ತದೆ. ಅದು ಕಲಿತದ್ದು ದಾರಿಯನ್ನಲ್ಲ, ಕೋಣೆಯಲ್ಲಿರುವ ವಸ್ತುಗಳ ನಡುವೆ ಪೀಠವಿರುವ ಜಾಗವನ್ನು. ಇಂಥ ನಕ್ಷೆಗೆ ಆಧಾರವೆಂದು ತಿಳಿಯಲಾದ ಮಿದುಳಿನ ಸ್ಥಾನಕೋಶಗಳನ್ನು ಜಾನ್ ಓಕೀಫ್ 1971ರಲ್ಲೇ ವರದಿ ಮಾಡಿದ್ದರು; 2014ರ ನೊಬೆಲ್‌ನಲ್ಲಿ ಅವರಿಗೂ ಪಾಲಿತ್ತು.

ಸ್ಯಾನ್ ಡಿಯಾಗೊದಲ್ಲಿ ಫಾಬಿಯೊ ಡಾಗಾ, ಫೆಲಿಪೆ ಮೆಡಿರೋಸ್ ಮುಂತಾದವರು ಮಾರಿಸ್‌ರ ಪರೀಕ್ಷೆಯ ಮಾನವ ರೂಪವನ್ನು ‘ಕೇವ್’ ಎಂಬ ಕೋಣೆಯಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದರು. ಕೇವ್ ಎಂದರೆ ನೋಡುಗರ ಸುತ್ತಲೂ ದೃಶ್ಯ ಬಿಂಬಿಸುವ ಕೋಣೆ. 1992ರಲ್ಲಿ ಶಿಕಾಗೋದಲ್ಲಿ ರೂಪುಗೊಂಡದ್ದು. ಅಡಗಿದ ಗುರಿಯನ್ನು ಹುಡುಕಲು ಗ್ಲಾಕೋಮಾ ರೋಗಿಗಳು ಆರೋಗ್ಯವಂತರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಎಡವುವ ಕಲ್ಲು ಕಾಣದಿರುವುದಷ್ಟೇ ತೊಡಕಲ್ಲ, ನೋಟದ ತುಣುಕುಗಳನ್ನು ಜೋಡಿಸಿ ಕೋಣೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದೂ ಕಷ್ಟವಾಗುತ್ತಿರಬಹುದು. ಈ ಬರಹದ ದೃಷ್ಟಿಯಲ್ಲಿ ಈ ಕ್ಷೇತ್ರದ ಮುಖ್ಯ ಸುಳಿವು ಇದೇ. ಫ್ರಾನ್ಸೆಸ್ಕಾ ಫೋರ್ಟೆನ್‌ಬಾ ತಂಡದ 2007ರ ಪ್ರಯೋಗವೂ ಇದಕ್ಕೆ ಹೊಂದುತ್ತದೆ: ಆರೋಗ್ಯವಂತರ ಬದಿನೋಟವನ್ನು ಕೃತಕವಾಗಿ ಕಿರಿದುಗೊಳಿಸಿದಾಗ, ಅವರ ನೆನಪಿನಲ್ಲಿ ದೂರಗಳು ಕುಗ್ಗಿದವು. ಆದರೆ ದಿಢೀರನೆ ಕಿರಿದಾದ ನೋಟವನ್ನು, ವರ್ಷಗಟ್ಟಲೆ ಕತ್ತು ಹೊರಳಿಸಿ ನೋಡಿ ಪಳಗಿದ ರೋಗಿಯ ನೋಟಕ್ಕೆ ಸಮವೆನ್ನಲಾಗದು.

ಮಿತಿಗಳು

ತಲೆಗೆ ತೊಡುವ ವರ್ಚುವಲ್ ರಿಯಾಲಿಟಿ ಸಾಧನಗಳು ಆರೋಗ್ಯವಂತರ ದೃಷ್ಟಿಕ್ಷೇತ್ರವನ್ನೂ ಕಿರಿದುಮಾಡುತ್ತವೆ. ಕೈಯಲ್ಲಿನ ಗುಂಡಿ ಒತ್ತಿ ‘ನಡೆಯುವಾಗ’ ಒಳಕಿವಿಗೆ ಚಲನೆಯ ಸುದ್ದಿ ಮುಟ್ಟುವುದಿಲ್ಲ.  ಚಿಕಿತ್ಸಾಲಯಗಳಲ್ಲಿ ದೃಷ್ಟಿಕ್ಷೇತ್ರವನ್ನು ಅಳೆಯುವುದು ಈಗಲೂ ಮುಖ್ಯವಾಗಿ ಪೆರಿಮೆಟ್ರಿಯಿಂದಲೇ.